ತೂರ್ ನಗರದ ಮೇಲೆ ದೇವರ ತೀರ್ಪು

ಪ್ರವಾದನೆ ಎಂದೊಡನೆ ನಿಮ್ಮಲ್ಲಿ ಹಲವರಿಗೆ ಜಾತಕ, ಪಂಚಾಂಗ ನೆನಪಾಗಬಹುದು. ಬೈಬಲಿನ ಪ್ರವಾದಿಗಳ ದಾರಿ ಬೇರೆ. ತಮ್ಮ ಕಾಲದ ಯುದ್ಧ, ಅನ್ಯಾಯ, ಅಹಂಕಾರಗಳನ್ನು ಕಂಡು ಅವುಗಳಲ್ಲಿ ದೇವರ ತೀರ್ಪನ್ನು ಗುರುತಿಸಿ ನುಡಿದವರು ಅವರು. ಆದ್ದರಿಂದ ಪ್ರವಾದನೆಯನ್ನು ಓದುವಾಗ, ಅದು ಯಾವ ಜಗಳದ ನಡುವೆ ಹುಟ್ಟಿತು ಎಂದು ಮೊದಲು ಕೇಳಬೇಕು. ಉದಾಹರಣೆಗೆ, ಯೆಹೆಜ್ಕೇಲನ ಗ್ರಂಥದ 26ರಿಂದ 28ನೆಯ ಅಧ್ಯಾಯಗಳನ್ನು ನೋಡೋಣ.

ಪರದೆಯ ಮೇಲಾದರೆ ಭೂಪಟ ತೋರಿಸಿಬಿಡುತ್ತಿದ್ದೆ. ಇಲ್ಲಿ ನೀವೇ ಅಟ್ಲಾಸ್ ತೆರೆಯಬೇಕು. ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯಲ್ಲಿ, ಲೆಬನಾನಿನ ದಕ್ಷಿಣ ಭಾಗದಲ್ಲಿ ತೂರ್ ಇದೆ. ಅಟ್ಲಾಸಿನಲ್ಲಿ ಅದರ ಹೆಸರು ಟೈರ್. ಆಗ ಅದು ದಂಡೆಯಿಂದ ಸುಮಾರು ಮುಕ್ಕಾಲು ಕಿಲೋಮೀಟರ್ ಆಚೆಗಿದ್ದ ದ್ವೀಪನಗರ, ಫಿನೀಷಿಯನ್ ವರ್ತಕರ ನೆಲೆ. ಕಡಲಿನ ಬಸವನಹುಳುವಿನಿಂದ ತೆಗೆದ ಅದರ ನೇರಳೆ ಬಣ್ಣ ಜಗತ್ಪ್ರಸಿದ್ಧ. 27ನೆಯ ಅಧ್ಯಾಯವು ತೂರನ್ನು ಹಡಗಿಗೆ ಹೋಲಿಸಿ ಅದರ ಸರಕಿನ ಪಟ್ಟಿಯನ್ನೇ ಕೊಡುತ್ತದೆ: ಬೆಳ್ಳಿ, ಕಬ್ಬಿಣ, ತವರ, ಸೀಸ, ದಂತ, ಕುದುರೆ, ಯೆಹೂದದ ಗೋಧಿ ಮತ್ತು ಜೇನು, ಕೊನೆಗೆ ಮನುಷ್ಯರು ಕೂಡ. ಆ ಕಾಲದ ವ್ಯಾಪಾರವನ್ನು ತಿಳಿಯಬೇಕೆನ್ನುವವರಿಗೆ ಇದು ಅಮೂಲ್ಯ ದಾಖಲೆ.

ಯೆಹೆಜ್ಕೇಲ ಪುರೋಹಿತ ಮನೆತನದವನು. ಕ್ರಿ.ಪೂ. 597ರಲ್ಲಿ ಬಾಬಿಲೋನಿಗೆ ಸೆರೆಯಾಗಿ ಹೋದವರಲ್ಲಿ ಒಬ್ಬ. ಸುಮಾರು ಹತ್ತು ವರ್ಷಗಳ ನಂತರ ಬಾಬಿಲೋನಿನ ರಾಜ ನೆಬೂಕದ್ನೆಚ್ಚರನ ಸೇನೆ ಜೆರೂಸಲೇಮನ್ನು ಸುಟ್ಟಿತು. ‘ಬಾಗಿಲು ಮುರಿಯಿತು, ಇನ್ನು ವ್ಯಾಪಾರವೆಲ್ಲ ನಮ್ಮದೇ’ ಎಂದು ತೂರ್ ಹಿಗ್ಗಿತು ಎಂಬುದು ಪ್ರವಾದಿಯ ಆರೋಪ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎನ್ನುತ್ತೇವಲ್ಲ, ಅದೇ. ಅದಕ್ಕೆ ಸಿಕ್ಕ ತೀರ್ಪು ಕಠೋರವಾದದ್ದು: ನೆಬೂಕದ್ನೆಚ್ಚರನು ಬರುವನು, ಗೋಡೆಗಳು ಬೀಳುವುವು, ಕಲ್ಲು ಮರಗಳು ನೀರುಪಾಲಾಗುವುವು, ಬಲೆ ಒಣಗಿಸುವ ಬರಿಬಂಡೆ ಮಾತ್ರ ಉಳಿಯುವುದು.

ನೆಬೂಕದ್ನೆಚ್ಚರನು ಬಂದದ್ದು ನಿಜ. ಮುತ್ತಿಗೆ 13 ವರ್ಷ ನಡೆಯಿತೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆದರೆ ಬಾಬಿಲೋನಿನದು ನೆಲದ ಸೈನ್ಯ, ತೂರಿಗೆ ಸಮುದ್ರವೇ ಹೆಬ್ಬಾಗಿಲು. ಕೊನೆಗೆ ನಗರ ಬಾಬಿಲೋನಿನ ಅಧೀನವಾಯಿತಾದರೂ ನಾಶವಾಗಲಿಲ್ಲ.

ಈಗ 29ನೆಯ ಅಧ್ಯಾಯದ 17ರಿಂದ 20ನೆಯ ವಚನಗಳನ್ನು ಓದಿ. ಅವುಗಳ ಕಾಲ ಕ್ರಿ.ಪೂ. 571. ಹೊರೆ ಹೊತ್ತು ಸೈನಿಕರ ತಲೆ ಬೋಳಾಯಿತು, ಹೆಗಲು ಸುಲಿಯಿತು, ಆದರೂ ತೂರಿನಿಂದ ಕೂಲಿ ಗಿಟ್ಟಲಿಲ್ಲ. ಅದಕ್ಕೆ ಬದಲಾಗಿ ಈಜಿಪ್ಟನ್ನು ಕೊಡಲಾಗುವುದು ಎಂದು ಅದೇ ಪ್ರವಾದಿ ನುಡಿಯುತ್ತಾನೆ. (ಈಜಿಪ್ಟನ್ನು ಗೆದ್ದವರು ಪರ್ಷಿಯನ್ನರು, ಅದೂ ಕ್ರಿ.ಪೂ. 525ರಲ್ಲಿ.) ಪ್ರಯೋಗಶಾಲೆಯಲ್ಲಿ ಲೆಕ್ಕಕ್ಕೆ ಹೊಂದದ ರೀಡಿಂಗನ್ನು ಅಳಿಸಿಬಿಡುವ ಆಸೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತು. ಈ ಗ್ರಂಥವನ್ನು ಕಾಪಾಡಿದವರು ಮೊದಲಿನ ಮಾತನ್ನೂ ಅಳಿಸಲಿಲ್ಲ, ಆಮೇಲಿನದನ್ನೂ ಮರೆಮಾಡಲಿಲ್ಲ. ನನ್ನ ಗೌರವ ಹೆಚ್ಚಿದ್ದು ಇಲ್ಲಿಯೇ.

ಕ್ರಿ.ಪೂ. 332ರಲ್ಲಿ ಅಲೆಗ್ಸಾಂಡರ್ ಬಂದ. ದಂಡೆಯ ಮೇಲಿದ್ದ ಹಳೆಯ ಊರಿನ ಅವಶೇಷಗಳನ್ನು ಸಮುದ್ರಕ್ಕೆ ಸುರಿದು ದ್ವೀಪಕ್ಕೆ ದಾರಿ ಕಟ್ಟಿಸಿ, ಏಳು ತಿಂಗಳಲ್ಲಿ ನಗರವನ್ನು ಗೆದ್ದ. ಸುಮಾರು 30,000 ಜನರನ್ನು ಗುಲಾಮರಾಗಿ ಮಾರಲಾಯಿತೆಂದು ಅರಿಯನ್ ಎಂಬ ಗ್ರೀಕ್ ಲೇಖಕನ ಹೇಳಿಕೆ. ಕಲ್ಲು ಮರ ನೀರಿಗೆ ಬೀಳುವ ಮಾತು ನೆರವೇರಿದ್ದು ಆಗಲೇ ಎಂದು ನಂಬುವವರು ಬಹಳ. ಹೋಲಿಕೆಯೇನೋ ಇದೆ, ಆದರೆ ಮೂಲದಲ್ಲಿರುವ ಹೆಸರು ನೆಬೂಕದ್ನೆಚ್ಚರನದು. ಅಲೆಗ್ಸಾಂಡರನ ನಂತರವೂ ಊರು ಬದುಕಿತು. ಯೇಸು ತೂರಿನ ಸೀಮೆಗೆ ಹೋದನೆಂದು ಸುವಾರ್ತೆಗಳು ಹೇಳುತ್ತವೆ. ಭೂವಿಜ್ಞಾನವೂ ಒಂದು ಮಾತು ಸೇರಿಸಿದೆ: 2007ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಅಲೆಗ್ಸಾಂಡರನ ಕಾಲಕ್ಕೆ ದ್ವೀಪಕ್ಕೂ ದಂಡೆಗೂ ನಡುವೆ ಒಂದೆರಡು ಮೀಟರ್ ಆಳದಲ್ಲೇ ಮರಳದಿಣ್ಣೆ ಬೆಳೆದಿತ್ತು. ಅವನ ಕಟ್ಟೆಗೆ ಅದೇ ಆಧಾರವಾಯಿತು. ಆಮೇಲೆ ಅಲೆಗಳು ಇನ್ನಷ್ಟು ಮರಳು ತಂದು ತುಂಬಿದವು, ದ್ವೀಪ ದಂಡೆಗೆ ಅಂಟಿಕೊಂಡಿತು.

2024ರ ಅಕ್ಟೋಬರಿನಲ್ಲಿ ಅದೇ ಊರಿನ ಮೇಲೆ ಇಸ್ರೇಲಿನ ಬಾಂಬುಗಳು ಬಿದ್ದವು. ಇಂಥ ಸುದ್ದಿ ಬಂದಾಗ ಯಾರಾದರೂ 26ನೆಯ ಅಧ್ಯಾಯ ತೆರೆದು ‘ನೋಡಿ, ನೆರವೇರುತ್ತಿದೆ’ ಎಂದರೆ, ಅದೇ ಪುಸ್ತಕದಲ್ಲಿ ಮೂರು ಅಧ್ಯಾಯ ಮುಂದಕ್ಕೆ ತಿರುಗಿಸಿ ಆ ನಾಲ್ಕು ವಚನಗಳನ್ನು ಓದಿ ಹೇಳಿ.