ಅಣುಗಳ ಬೆಸುಗೆ ಮತ್ತು ಭೀಮರಾಯನಗುಡಿಯ ಬಿಸಿಲು: ಸಾವಯವ ಭಿನ್ನರಚನಾ ನ್ಯಾನೊತಂತಿಗಳ ವಿವೇಚನೆ

ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿ ‘ಸಾವಯವ’ ಎಂದೊಡನೆ ತಿಪ್ಪೆಗೊಬ್ಬರ, ಎರೆಹುಳು ನೆನಪಾಗುತ್ತವೆ. ರಸಾಯನಶಾಸ್ತ್ರದಲ್ಲಿ ಆ ಪದಕ್ಕೆ ಇಂಗಾಲದ ಸಂಯುಕ್ತವೆಂದು ಅರ್ಥ. ಅಂಥ ಎರಡು ಬಗೆಯ ಅಣುಗಳನ್ನು ಒಂದೇ ಎಳೆಯಲ್ಲಿ ತುಂಡುತುಂಡಾಗಿ ಜೋಡಿಸಿದರೆ ಸಾವಯವ ಭಿನ್ನರಚನಾ ನ್ಯಾನೊತಂತಿಯಾಗುತ್ತದೆ. ಈ ತಂತಿಗಳನ್ನು ಪರೀಕ್ಷಿಸುವಾಗ ಬೆಳಕಿನಷ್ಟೇ ಶಾಖವನ್ನೂ ಮೊದಲಿನಿಂದ ಲೆಕ್ಕಕ್ಕೆ ಹಿಡಿಯಬೇಕೆಂಬುದು ಈ ಲೇಖನದ ವಾದ.

ಬೆಳಕು ಬಿದ್ದಾಗ ಸಾವಯವ ಅರೆವಾಹಕದಲ್ಲಿ ಎಲೆಕ್ಟ್ರಾನು ಮತ್ತು ಅದು ಬಿಟ್ಟ ರಂಧ್ರ ಕೂಡಲೇ ಬೇರೆಯಾಗುವುದಿಲ್ಲ. ಎಕ್ಸಿಟಾನ್ ಎಂಬ ಜೋಡಿಯಾಗಿ ಉಳಿಯುತ್ತವೆ. ಜೋಡಿಯ ಬಂಧನಶಕ್ತಿ ಸಾಮಾನ್ಯವಾಗಿ 0.3ರಿಂದ 0.5 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ತಾಪ ಒದಗಿಸುವ ಉಷ್ಣಶಕ್ತಿ ಸುಮಾರು 0.026 ಎಲೆಕ್ಟ್ರಾನ್ ವೋಲ್ಟ್ ಮಾತ್ರ, ಜೋಡಿಯನ್ನು ಬಿಡಿಸಲು ಅದು ಸಾಲದು. ಜೋಡಿ ಸಾಗುವ ದೂರವೂ ಹಲವು ವಸ್ತುಗಳಲ್ಲಿ 10 ನ್ಯಾನೊಮೀಟರಿನ ಆಸುಪಾಸು. ಅಷ್ಟರೊಳಗೆ ಎರಡು ವಸ್ತುಗಳ ಸಂಧಿ ಸಿಕ್ಕಿ ಜೋಡಿ ಬೇರ್ಪಟ್ಟರೆ ಮಾತ್ರ ವಿದ್ಯುತ್ತು. ವಿಜ್ಞಾನಿ ಟ್ಯಾಂಗ್ 1986ರಲ್ಲಿ ಎರಡು ಪದರಗಳ ಸೌರಕೋಶದಿಂದ ಸುಮಾರು ಶೇ. 1ರ ದಕ್ಷತೆ ಪಡೆದದ್ದು ಇಂಥ ಸಂಧಿಯಿಂದಲೇ.

ಇಂಥ ಸಂಧಿಯನ್ನು ಎಳೆಯಲ್ಲೇ ಕಟ್ಟುವ ಕೆಲಸ ನಮ್ಮ ನಾಡಿನಲ್ಲಿ ಮುಂದೆ ಸಾಗಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸುಬಿ ಜಾರ್ಜ್ ಅವರ ತಂಡ, ಹೊಳೆಯುವ ನ್ಯಾಫ್ತಲೀನ್ ಡೈಇಮೈಡ್ ಅಣುಗಳನ್ನು ದ್ರಾವಣದಲ್ಲಿ ತಾವಾಗಿಯೇ ಸಾಲುಗೂಡುವಂತೆ ಮಾಡಿ, ಬಣ್ಣ ಬೇರೆಯಾದ ತುಂಡುಗಳ ಎಳೆಯನ್ನು 2020ರಲ್ಲಿ ವರದಿ ಮಾಡಿತು. ಸಂಧಿಯನ್ನು ದಾಟಿ ಶಕ್ತಿ ಹರಿಯುವುದು ಒಂಟಿ ಎಳೆಗಳಲ್ಲೇ ಕಂಡಿತು.

ಈ ಅಣುಗಳನ್ನು ಹಿಡಿದಿಟ್ಟಿರುವುದು ದುರ್ಬಲ ಬಂಧಗಳು. ಅಣುಗಳು ತಾವಾಗಿ ಕೂಡುವುದೂ ಅವುಗಳಿಂದ, ಕಳಚಿ ಜಾಗ ಬದಲಿಸುವುದೂ ಅವುಗಳಿಂದ. ತಾಪ ಏರಿದಂತೆ ಈ ಅದಲುಬದಲು ಹೆಚ್ಚುತ್ತದೆ. ತುಂಡುಗಳು ಬೆರೆತರೆ ಸಂಧಿಯೇ ಅಳಿಸಿಹೋಗುತ್ತದೆ.

ಹೊಲದಲ್ಲಿ ಇದು ಏಕೆ ಮುಖ್ಯ ಎಂದು ನೋಡೋಣ. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಸಮೀಪದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂತಿರುಗಿಸುತ್ತದೆ. ಎರಡರ ಅನುಪಾತದಿಂದ ಬೆಳೆಯ ಆರೋಗ್ಯ ತಿಳಿಯಬಹುದು. ಈ ಅನುಪಾತವನ್ನು ಅಳೆಯಲು, ಅಣುವನ್ನು ಬದಲಿಸಿ ತರಂಗಾಂತರ ಆರಿಸಿಕೊಳ್ಳಬಹುದಾದ, ಇಂಥ ತಂತಿಗಳ ಸಾವಯವ ಸಂವೇದಕ ಹತ್ತಿ, ತೊಗರಿ ಹೊಲಗಳಿಗೆ ಒದಗೀತು. ಆದರೆ ಭೀಮರಾಯನಗುಡಿ ಇರುವ ಶಹಾಪುರ ಸೀಮೆಯ ಬೇಸಿಗೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಲಿಗೊಡ್ಡಿದ ಉಪಕರಣದ ಮೈ ಅದಕ್ಕಿಂತ ಹೆಚ್ಚು ಕಾಯುತ್ತದೆ. ಆದ್ದರಿಂದ ತುಂಡುಗಳ ಉದ್ದ, ಸಂಧಿಯ ಸ್ಪಷ್ಟತೆ, ದ್ಯುತಿವಿದ್ಯುತ್ತು ಈ ಮೂರನ್ನೂ ಹಗಲಿರುಳಿನ ತಾಪಚಕ್ರದಲ್ಲಿ ಒಂದು ಪೂರ್ತಿ ಬೇಸಿಗೆ ಅಳೆಯಬೇಕು. ಅಳೆಯಲು ಭೀಮರಾಯನಗುಡಿಯಂಥ ಊರೇ ತಕ್ಕ ಜಾಗ. ಇಲ್ಲಿ ಸಂಧಿ ಉಳಿದ ತಂತಿಯನ್ನು ಮಾತ್ರ ರೈತರ ಹೊಲಕ್ಕೆ ಭರವಸೆಯಿಂದ ಒಯ್ಯಬಹುದು.