ಹೆಚ್ಚು ಶೇರ್ ಆದ ಆರೋಗ್ಯ ಲೇಖನವೇ ಉತ್ತಮವೇ?

ನಂಬಿಕೆ: ಲಕ್ಷಾಂತರ ಜನ ಹಂಚಿಕೊಂಡ ಆರೋಗ್ಯ ಲೇಖನವನ್ನು ಕಣ್ಣುಮುಚ್ಚಿ ನಂಬಬಹುದು.

ವಾಸ್ತವ: ಇಲ್ಲ. ಶೇರ್‌ಗಳ ಸಂಖ್ಯೆ ಜನಪ್ರಿಯತೆಯನ್ನು ತೋರಿಸುತ್ತದೆಯೇ ಹೊರತು ಗುಣಮಟ್ಟವನ್ನಲ್ಲ.

ಗುಣಮಟ್ಟ ಅಳೆಯುವುದು ಹೇಗೆ?

ಇದಕ್ಕೆಂದೇ 1990ರ ದಶಕದಲ್ಲಿ ಬ್ರಿಟನ್‌ನಲ್ಲಿ ‘ಡಿಸರ್ನ್’ ಎಂಬ ಪ್ರಶ್ನಾವಳಿ ರೂಪುಗೊಂಡಿತು. ಚಿಕಿತ್ಸೆಯ ಕುರಿತ ಬರಹವನ್ನು 16 ಪ್ರಶ್ನೆಗಳಿಂದ ಪರೀಕ್ಷಿಸಿ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ನೀಡಲಾಗುತ್ತದೆ. ಅದರಿಂದ ಎಲ್ಲರೂ ಬಳಸಬಹುದಾದ ನಾಲ್ಕು ಪ್ರಶ್ನೆಗಳನ್ನು ನಾವು ಸರಳಗೊಳಿಸಿ ಕೊಟ್ಟಿದ್ದೇವೆ:

• ಮಾಹಿತಿಯ ಮೂಲ ಯಾವುದೆಂದು ತಿಳಿಸಿದೆಯೇ?
• ಆ ಮಾಹಿತಿ ಯಾವಾಗಿನದು?
• ಲಾಭದ ಜೊತೆಗೆ ಅಪಾಯವನ್ನೂ ಹೇಳಿದೆಯೇ?
• ಬೇರೆ ಚಿಕಿತ್ಸೆಗಳೂ ಇರಬಹುದೆಂದು ಸೂಚಿಸಿದೆಯೇ?

‘ಈ ಕಷಾಯ ಕುಡಿಯಿರಿ, ಸಕ್ಕರೆ ಕಾಯಿಲೆ ಮಾಯ, ಇನ್ಸುಲಿನ್ ಬೇಡ’ ಎಂಬಂಥ ಸಂದೇಶ ನಾಲ್ಕರಲ್ಲೂ ಸೋಲುತ್ತದೆ. ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ಎರಡು ಲೇಖನಗಳನ್ನು ಹೋಲಿಸುವಾಗ ಎರಡಕ್ಕೂ ಇದೇ ಪ್ರಶ್ನೆಗಳನ್ನು ಕೇಳಿ. ಕಳುಹಿಸಿದವರು ಹತ್ತಿರದ ನೆಂಟರೆಂದು ಹೆಚ್ಚು ಅಂಕ ಕೊಡಬೇಡಿ.

ನೆನಪಿಡಿ: ಡಿಸರ್ನ್ ಬರಹದ ಗುಣಮಟ್ಟವನ್ನು ಅಳೆಯುತ್ತದೆ, ಅದರಲ್ಲಿರುವುದು ವೈಜ್ಞಾನಿಕವಾಗಿ ಸರಿಯೇ ಎಂಬುದನ್ನಲ್ಲ. ಹಾಗಾಗಿ ಒಳ್ಳೆಯ ಅಂಕ ಬಂದರೂ, ವೈದ್ಯರನ್ನು ಕೇಳದೆ ಔಷಧಿ ಬದಲಿಸಬೇಡಿ. ಅಂಕ ಕಡಿಮೆ ಬಂದರೆ ಫಾರ್ವರ್ಡ್ ಮಾಡಲೇಬೇಡಿ.