ಭೋಗ್ಯದ ಪತ್ರ ಮತ್ತು ದೇವರ ಭೂಮಿ

ಕಟ್ಟಡವೊಂದರ ಬಾಡಿಗೆಯನ್ನೇ ಆಧಾರವಾಗಿ ತೋರಿಸಿ ಸಾಲ ಪಡೆಯುವುದು ಇಂದಿನ ಬ್ಯಾಂಕುಗಳು ಕಂಡುಹಿಡಿದ ಪದ್ಧತಿಯೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಇದು ಬಹಳ ಹಳೆಯ ವ್ಯವಹಾರ. ಆಸ್ತಿಯ ಉತ್ಪನ್ನವೇ ಸಾಲವನ್ನು ಹೊರಬೇಕೆಂಬ ಈ ಏರ್ಪಾಡಿಗೆ ಕನ್ನಡದಲ್ಲಿ ‘ಭೋಗ್ಯ’ವೆಂಬ ಹೆಸರು ಶತಮಾನಗಳಿಂದ ಬಳಕೆಯಲ್ಲಿದೆ. ಬೆಂಗಳೂರಿನ ಬೀದಿಗಳಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂಬ ಫಲಕವನ್ನು ನಾವು ಈಗಲೂ ಕಾಣುತ್ತೇವೆ. ಮಾಲೀಕನು ಇಡುಗಂಟು ಪಡೆಯುತ್ತಾನೆ. ಹಣ ಕೊಟ್ಟವನು ಬಾಡಿಗೆಯಿಲ್ಲದೆ ವಾಸಿಸುತ್ತಾನೆ. ಅವಧಿ ಮುಗಿದಾಗ ಹಣ ಹಿಂದಿರುಗುತ್ತದೆ, ಮನೆಯೂ ಹಿಂದಿರುಗುತ್ತದೆ.

ಬಸದಿಗಳ ಆಡಳಿತ ಮಂಡಳಿಗಳು ವಾಣಿಜ್ಯ ಮಳಿಗೆಗಳನ್ನು ಕಟ್ಟಿಸಿ, ಬಾಡಿಗೆಯಿಂದಲೇ ಸಾಲ ತೀರಿಸುವ ಯೋಜನೆಗಳನ್ನು ಆಲೋಚಿಸುವಾಗ, ಈ ವ್ಯವಹಾರದ ಇತಿಹಾಸವನ್ನು ಒಮ್ಮೆ ಅವಲೋಕಿಸುವುದು ಉಚಿತ.

ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯವು ಒತ್ತೆಯ ವಿಷಯವನ್ನು ವಿವರವಾಗಿ ನಿರೂಪಿಸುತ್ತದೆ. ಅದಕ್ಕೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಒತ್ತೆಯಲ್ಲಿ ಎರಡು ಬಗೆ: ಕಾಪಾಡಿ ಇಡತಕ್ಕ ‘ಗೋಪ್ಯ’ ಮತ್ತು ಅನುಭವಿಸತಕ್ಕ ‘ಭೋಗ್ಯ’. ಫಲವನ್ನು ಅನುಭವಿಸಲೆಂದು ಕೊಟ್ಟ ಒತ್ತೆಯು ಎಷ್ಟು ಕಾಲ ಕಳೆದರೂ ಮಾಲೀಕನಿಂದ ಶಾಶ್ವತವಾಗಿ ಕೈತಪ್ಪಿ ಹೋಗುವುದಿಲ್ಲವೆಂಬುದು ಸ್ಮೃತಿಯ ನಿಯಮ. ಬಡ್ಡಿ ಬೆಳೆದು ಸಾಲವು ಇಮ್ಮಡಿಯಾದಾಗ, ಆಸ್ತಿಯ ಉತ್ಪನ್ನದಿಂದಲೇ ಆ ಇಮ್ಮಡಿ ಹಣ ಸಂದ ಮೇಲೆ ಒತ್ತೆಯನ್ನು ಬಿಟ್ಟುಕೊಡಬೇಕೆಂದೂ ಅದು ವಿಧಿಸುತ್ತದೆ. ಅಂದರೆ ಉತ್ಪನ್ನಕ್ಕೆ ಲೆಕ್ಕವಿರಬೇಕು, ಸಾಲಕ್ಕೆ ಕೊನೆಯಿರಬೇಕು.

ಲೆಕ್ಕವೂ ಕೊನೆಯೂ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಶ್ರವಣಬೆಳಗೊಳದ ಶಾಸನಗಳೇ ಸಾಕ್ಷಿ. ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟದಲ್ಲಿ ಪ್ರಕಟವಾಗಿರುವ, ಶಕ 1556ನೆಯ ಭಾವ ಸಂವತ್ಸರದ (ಕ್ರಿ.ಶ. 1634) ಶಾಸನವು ಒಂದು ನೋವಿನ ಪ್ರಸಂಗವನ್ನು ತಿಳಿಸುತ್ತದೆ. ಬೆಳಗೊಳದ ಸ್ಥಾನಿಕರು ತಮ್ಮ ಕಷ್ಟಕಾಲದಲ್ಲಿ ದೇವರ ಭೂಮಿಯನ್ನು ವರ್ತಕ ಗೃಹಸ್ಥರಿಗೆ ಅಡವಾಗಿ, ಭೋಗ್ಯವಾಗಿ ಬರೆದುಕೊಟ್ಟಿದ್ದರು. ಪಡೆದವರು ಬಹುಕಾಲ ಅದನ್ನು ಅನುಭವಿಸುತ್ತ ಬಂದರು. ಮೈಸೂರಿನ ಚಾಮರಾಜ ಒಡೆಯರು (ಆಳ್ವಿಕೆ 1617–1637) ಇದನ್ನು ವಿಚಾರಿಸಿ, ಆ ವರ್ತಕರನ್ನು ಕರೆಸಿ, ‘ನಿಮ್ಮ ಸಾಲವನ್ನು ನಾವೇ ತೀರಿಸುತ್ತೇವೆ’ ಎಂಬ ಅಭಿಪ್ರಾಯವನ್ನು ತಿಳಿಸಿದರು.

ಆಗ ವರ್ತಕರು ಅರಸನಿಂದ ಹಣ ಪಡೆಯಲಿಲ್ಲ. ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು, ಗೊಮ್ಮಟನಾಥ ಸ್ವಾಮಿಯ ಸನ್ನಿಧಿಯಲ್ಲಿ, ಗುರುಗಳಾದ ಚಾರುಕೀರ್ತಿ ಪಂಡಿತದೇವರ ಸಮ್ಮುಖದಲ್ಲಿ, ಅಡವಿನ ಪತ್ರಗಳನ್ನು ಧಾರಾಪೂರ್ವಕವಾಗಿ ಬಿಟ್ಟುಕೊಟ್ಟರು. ಇನ್ನು ಮುಂದೆ ದೇವರ ಭೂಮಿಯನ್ನು ಅಡವಿಡುವವರಿಗೂ, ಅಡವು ಹಿಡಿದು ಸಾಲ ಕೊಡುವವರಿಗೂ ಬಹಿಷ್ಕಾರವೆಂಬ ಕಟ್ಟಳೆಯನ್ನು ಶಾಸನವು ವಿಧಿಸಿತು.

ಈ ಪ್ರಸಂಗದಲ್ಲಿ ದುಷ್ಟರನ್ನು ಹುಡುಕುವುದು ಸರಿಯಲ್ಲ. ಸ್ಥಾನಿಕರು ಕಷ್ಟದಲ್ಲಿದ್ದರೆಂದು ಶಾಸನವೇ ಹೇಳುತ್ತದೆ. ವರ್ತಕರಲ್ಲಿ ಧರ್ಮಬುದ್ಧಿಯಿತ್ತೆಂಬುದಕ್ಕೆ ಅವರ ತ್ಯಾಗವೇ ಪ್ರಮಾಣ. ದೋಷವಿದ್ದುದು ವ್ಯವಹಾರದ ಸ್ವರೂಪದಲ್ಲಿ. ಭೂಮಿಯ ಉತ್ಪನ್ನವು ಸಾಲ ಕೊಟ್ಟವನ ಕೈಸೇರಿದ ಮೇಲೆ ಮೂಲಧನವನ್ನು ತೀರಿಸಲು ದೇವಾಲಯಕ್ಕೆ ಬೇರೆ ವರಮಾನ ಎಲ್ಲಿಂದ ಬರಬೇಕು? ಸಾಲವು ನಿಂತಲ್ಲೇ ನಿಲ್ಲುತ್ತದೆ. ನಿತ್ಯಪೂಜೆ ಮತ್ತು ದಾನಗಳು ಸೊರಗುತ್ತವೆ. ಇನ್ನೊಂದು ಅಂಶವೂ ಗಮನಾರ್ಹ. ಕಟ್ಟಳೆಯು ಪಡೆಯುವವನನ್ನು ಮಾತ್ರವಲ್ಲ, ಕೊಡುವವನನ್ನೂ ಹೊಣೆಗಾರನನ್ನಾಗಿ ಮಾಡಿತು.

ನಂತರದ ಕಾಲದ ಕಾನೂನು ಇದೇ ಜಾಡಿನಲ್ಲಿ ಸಾಗಿತು. ಅಪ್ರಾಪ್ತ ವಯಸ್ಕನ ಆಸ್ತಿಯನ್ನು ನೋಡಿಕೊಳ್ಳುವವನು ಅವಶ್ಯಕತೆಗಾಗಿ ಅಥವಾ ಆಸ್ತಿಯ ಹಿತಕ್ಕಾಗಿ ಮಾತ್ರ ಸಾಲ ಮಾಡಬಹುದು, ಸಾಲ ಕೊಡುವವನು ಆ ಅವಶ್ಯಕತೆಯನ್ನು ವಿಚಾರಿಸತಕ್ಕದ್ದು ಎಂದು ಪ್ರಿವಿ ಕೌನ್ಸಿಲ್ 1856ರಲ್ಲಿ ತೀರ್ಮಾನಿಸಿತು. 1875ರಲ್ಲಿ ಈ ತತ್ತ್ವವನ್ನು ದೇವಸ್ವದ ಆಡಳಿತಗಾರರಿಗೂ ಅನ್ವಯಿಸಿತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಭೋಗ್ಯ ಅಡಮಾನವನ್ನು ಪ್ರತ್ಯೇಕವಾಗಿ ಗುರುತಿಸಿ, ಸ್ವತ್ತನ್ನು ಸ್ವಾಧೀನದಲ್ಲಿಟ್ಟುಕೊಂಡವನು ಆದಾಯ-ವೆಚ್ಚಗಳ ಸ್ಪಷ್ಟ ಲೆಕ್ಕವಿಡಬೇಕೆಂದಿತು. ಆದರೆ ಉತ್ಪನ್ನವು ಬಡ್ಡಿಗೆ ಬದಲಾಗಿ ಸಲ್ಲಬೇಕೆಂಬ ಒಪ್ಪಂದವಿದ್ದರೆ ಈ ಲೆಕ್ಕದಿಂದ ವಿನಾಯಿತಿಯನ್ನೂ ಕೊಟ್ಟಿತು. ಭೋಗ್ಯದ ಸ್ವತ್ತನ್ನು ಬಿಡಿಸಿಕೊಳ್ಳುವ ಹಕ್ಕು ಕೇವಲ ಕಾಲ ಸಂದ ಮಾತ್ರಕ್ಕೆ ನಾಶವಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಹೇಳಿದಾಗ, ಸ್ಮೃತಿಯ ಹಳೆಯ ನಿಯಮವೇ ಮರುದನಿಗೊಂಡಂತಾಯಿತು.

ಇಂದಿನ ಬ್ಯಾಂಕು ಕಟ್ಟಡವನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವುದಿಲ್ಲ. ಬಾಡಿಗೆ ಕರಾರುಗಳನ್ನು ಪರಿಶೀಲಿಸಿ, ಮುಂದೆ ಬರಲಿರುವ ಬಾಡಿಗೆಯ ಇಂದಿನ ಮೌಲ್ಯವನ್ನು ಗಣಿಸಿ ಸಾಲ ಕೊಡುತ್ತದೆ. ಬಾಡಿಗೆಯು ನಿಗದಿತ ಖಾತೆಗೆ ಬಂದು, ಕಂತು ಕಳೆದ ಮೇಲೆ ಉಳಿದದ್ದು ಮಾಲೀಕನಿಗೆ ಸೇರುತ್ತದೆ. ನಿವ್ವಳ ಆದಾಯವು ಕಂತಿನ ಎಷ್ಟು ಪಟ್ಟಿದೆ ಎಂಬುದೇ ಇಲ್ಲಿ ಮುಖ್ಯವಾದ ಅಳತೆ. ಪ್ರತಿ ಕಂತಿನಲ್ಲೂ ಮೂಲಧನ ಕರಗುವುದರಿಂದ ಇದು ಹಳೆಯ ಭೋಗ್ಯಕ್ಕಿಂತ ಮೇಲೆಂಬುದು ನಿಜ. ಆದರೆ ಅಪಾಯವು ಬೇರೆ ರೂಪದಲ್ಲಿ ಉಳಿದಿದೆ.

ಉದಾಹರಣೆಗೆ, ನಾಲ್ಕು ಮಳಿಗೆಗಳಿಂದ ತಿಂಗಳಿಗೆ 1,00,000 ರೂ. ಬಾಡಿಗೆ ಬರುತ್ತದೆ ಎನ್ನೋಣ. ತೆರಿಗೆ, ದುರಸ್ತಿ, ಕಾವಲಿನ ವೆಚ್ಚ 20,000 ರೂ.; ಕಂತು 64,000 ರೂ. ನಿವ್ವಳ 80,000 ರೂ. ಕಂತಿನ ಒಂದೂಕಾಲು ಪಟ್ಟು. ಕಾಗದದ ಮೇಲೆ ಎಲ್ಲವೂ ಸುಭದ್ರ. ಸಮಾನ ಬಾಡಿಗೆಯ ಒಂದು ಮಳಿಗೆ ಖಾಲಿಯಾದರೆ ವರಮಾನ 75,000 ರೂ.ಗೆ ಇಳಿಯುತ್ತದೆ, ವೆಚ್ಚ ಇಳಿಯುವುದಿಲ್ಲ. ಕೈಯಲ್ಲಿ ಉಳಿಯುವುದು 55,000 ರೂ. ತಿಂಗಳಿಗೆ 9,000 ರೂ. ಕೊರತೆಯನ್ನು ತುಂಬುವವರು ಯಾರು? ಗೃಹಸ್ಥನಾದರೆ ತನ್ನ ದುಡಿಮೆಯಿಂದ ತುಂಬಿಯಾನು. ಬಸದಿಯು ಅಭಿಷೇಕದ, ಆಹಾರದಾನದ ನಿಧಿಗೇ ಕೈಹಾಕಬೇಕಾಗುತ್ತದೆ.

ಆದ್ದರಿಂದ ಸಾಲವೇ ಕೂಡದೆಂದು ಇಲ್ಲಿ ಹೇಳುತ್ತಿಲ್ಲ. ಹೊಸ ಮಳಿಗೆಯ ಬಾಡಿಗೆಯನ್ನು ಮಾತ್ರ ಆಧಾರವಾಗಿ ಕೊಡಬಹುದು. ಪೂರ್ವಿಕರು ಪೂಜೆಗೆಂದು ಬಿಟ್ಟ ಭೂಮಿಯನ್ನು ಅದರೊಡನೆ ಸೇರಿಸಬಾರದು. ಒಂದು ಮಳಿಗೆ ವರ್ಷವಿಡೀ ಖಾಲಿಯಿದ್ದರೂ ಕಂತು ಸಲ್ಲುವಷ್ಟು ಮೀಸಲು ನಿಧಿಯನ್ನು ಸಾಲಕ್ಕೆ ಮೊದಲೇ ಕೂಡಿಡಬೇಕು. ಲೆಕ್ಕವನ್ನು ವರ್ಷಕ್ಕೊಮ್ಮೆ ಸಮಾಜದ ಮುಂದೆ ಓದಬೇಕು. ಸಹಿ ಹಾಕುವವರು ತಮ್ಮ ಅಧಿಕಾರಾವಧಿ ಮುಗಿದ ಮೇಲೂ ಕಂತುಗಳು ಉಳಿದಿರುತ್ತವೆಂಬುದನ್ನು ಮರೆಯಬಾರದು.

1634ರಲ್ಲಿ ಬೆಳಗೊಳದ ಋಣ ತೀರಿಸಲು ಒಬ್ಬ ಅರಸನು ಮುಂದೆ ಬಂದನು, ಸಾಲ ಕೊಟ್ಟವರು ಪತ್ರವನ್ನೇ ದಾನಮಾಡಿದರು. ಇಂದಿನ ಸಾಲಪತ್ರಕ್ಕೆ ಸಹಿ ಹಾಕುವವರು ಅಂಥ ಇನ್ನೊಂದು ದಿನವನ್ನು ನಂಬಿ ಹಾಕುವಂತಿಲ್ಲ.